ಊರು, ಕೆಲಸ ಎರಡೂ ಬದಲಾಗುವಾಗ ಗೃಹಸಾಲಕ್ಕೆ ಉದ್ಯೋಗದ ದಾಖಲೆ ಒದಗಿಸುವುದು ಹೇಗೆ?

ಪುಣೆಯಲ್ಲಿ ಆರು ವರ್ಷಗಳಿಂದ ಕೆಲಸದಲ್ಲಿರುವ ನೀವು ಮುಂದಿನ ತಿಂಗಳು ಮೈಸೂರಿನ ಬೇರೊಂದು ಕಂಪನಿಗೆ ಸೇರಲಿದ್ದೀರಿ, ಅಲ್ಲಿಯೇ ಮೊದಲ ಮನೆಯಾಗಿ 60 ಲಕ್ಷ ರೂಪಾಯಿಯ ಫ್ಲ್ಯಾಟ್ ಒಂದನ್ನು ನೋಡಿಟ್ಟಿದ್ದೀರಿ. ಹೊಸ ವೇತನ ಚೀಟಿ ಬರುವ ಮೊದಲೇ ಆಫರ್ ಲೆಟರ್ ತೋರಿಸಿ ಸಾಲ ಪಡೆಯಬಹುದೇ ಎಂದು ಕೇಳಿದ್ದೀರಿ. ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಹಲವು ವರ್ಷ ಅರ್ಜಿಗಳನ್ನು ಪರಿಶೀಲಿಸಿದವನಾಗಿ ಹೇಳುವುದಾದರೆ, ಮಾತುಕತೆಯನ್ನು ಈಗಲೇ ಆರಂಭಿಸಿ. ಆದರೆ ಸಾಲ ಬಿಡುಗಡೆಯನ್ನು ಹೊಸ ಕಂಪನಿಯ ಮೊದಲ ಸಂಬಳ ಖಾತೆಗೆ ಜಮೆಯಾದ ನಂತರಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ಅದೇ ಕಂಪನಿಯೊಳಗೆ ವರ್ಗಾವಣೆಯಾಗಿದ್ದರೆ ವರ್ಗಾವಣೆ ಆದೇಶದ ಪ್ರತಿಯೊಂದೇ ಬಹುಪಾಲು ಸಾಕಾಗುತ್ತಿತ್ತು. ಕಂಪನಿಯೇ ಬದಲಾಗುವಾಗ ಮಾತು ಬೇರೆ. ಆಫರ್ ಲೆಟರ್ ಎಂಬುದು ಮುಂದೆ ಬರಲಿರುವ ಆದಾಯದ ಭರವಸೆಯಷ್ಟೇ. ಸಾಲ ಮಂಜೂರು ಮಾಡುವವರು ನೋಡುವುದು ಹಳೆಯ ಕೆಲಸ ಮುಗಿದ ದಿನಕ್ಕೂ ಹೊಸದು ಆರಂಭವಾಗುವ ದಿನಕ್ಕೂ ನಡುವೆ ವಿವರಣೆಯಿಲ್ಲದ ಅಂತರವಿದೆಯೇ ಎಂಬುದನ್ನು. ಆದ್ದರಿಂದ ಸಾಮಾನ್ಯವಾಗಿ ಕೇಳುವ ಮೂರು ತಿಂಗಳ ವೇತನ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹಾಗೂ ಎರಡು ವರ್ಷದ ಫಾರ್ಮ್ 16ರ (ಸಂಬಳ ಮತ್ತು ಅದರಿಂದ ಕಡಿತವಾದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ) ಜೊತೆಗೆ, ರಾಜೀನಾಮೆಯನ್ನು ಅಂಗೀಕರಿಸಿ ಕೊನೆಯ ದಿನವನ್ನು ನಮೂದಿಸಿದ ಇಮೇಲ್, ನೀವು ಸಹಿ ಮಾಡಿ ಒಪ್ಪಿದ ಆಫರ್ ಲೆಟರ್ ಮತ್ತು ಸೇರಿದ ದಿನದ ನೇಮಕಾತಿ ಪತ್ರ ಇವುಗಳನ್ನೂ ಒಟ್ಟಿಗೆ ಕೊಡಿ. ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂದು ಹಳೆಯ ಕಂಪನಿ ಕೊಡುವ ರಿಲೀವಿಂಗ್ ಲೆಟರ್ ಹಲವೆಡೆ ತಡವಾಗಿ ಬರುತ್ತದೆ. ಅದು ಬರುವವರೆಗೆ ಆ ಇಮೇಲ್ ನಿಮ್ಮ ಕೈ ಹಿಡಿಯುತ್ತದೆ.

ಅರ್ಜಿದಾರರು ಹೆಚ್ಚಾಗಿ ಮರೆಯುವುದು ಭವಿಷ್ಯ ನಿಧಿಯ ದಾಖಲೆಯನ್ನು. ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಭವಿಷ್ಯ ನಿಧಿ ಸಂಖ್ಯೆ) ಖಾತೆಯ ಸೇವಾ ವಿವರದಲ್ಲಿ ಪ್ರತಿ ಕಂಪನಿಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳಿರುತ್ತವೆ, ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳಿನ ವಂತಿಗೆ ಕಾಣುತ್ತದೆ. ಇದು ನೀವು ಬರೆದುಕೊಂಡದ್ದಲ್ಲ, ಕಂಪನಿ ಸಲ್ಲಿಸಿದ್ದು, ಹಾಗಾಗಿ ಇದಕ್ಕೆ ತೂಕ ಹೆಚ್ಚು. ಒಂದು ತಿಂಗಳ ವಂತಿಗೆಯನ್ನು ಕಟ್ಟಲು ಕಂಪನಿಗೆ ಮರುತಿಂಗಳ 15ರವರೆಗೆ ಕಾಲಾವಕಾಶವಿರುವುದರಿಂದ, ಹೊಸ ಕೆಲಸದ ಮೊದಲ ನಮೂದು ಕೂಡಲೇ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ನೀವು ಬಿಟ್ಟ ದಿನಾಂಕವನ್ನು ಸರಿಯಾಗಿ ದಾಖಲಿಸುವಂತೆ ಮಾತ್ರ ಹಳೆಯ ಕಂಪನಿಗೆ ಮೊದಲೇ ಹೇಳಿಡಿ, ಏಕೆಂದರೆ ಅದನ್ನು ನೀವೇ ನಮೂದಿಸಲು ಎರಡು ತಿಂಗಳು ಕಾಯಬೇಕಾಗುತ್ತದೆ. ಕೆಲಸ ಬಿಟ್ಟ ಕೂಡಲೇ ಆ ಹಣವನ್ನು ಹಿಂಪಡೆಯುವ ಬದಲು ಹೊಸ ಖಾತೆಗೆ ವರ್ಗಾಯಿಸಿದರೆ ಸೇವೆ ಮುಂದುವರಿದಿರುವುದು ದಾಖಲೆಯಲ್ಲಿಯೇ ಉಳಿಯುತ್ತದೆ.

ವೇತನ ಚೀಟಿಯಲ್ಲಿರುವ ನಿವ್ವಳ ಮೊತ್ತ ಬ್ಯಾಂಕಿಗೆ ಜಮೆಯಾದ ಮೊತ್ತಕ್ಕೆ ತಾಳೆಯಾಗಬೇಕು. ನಿಮ್ಮ ಸಂಬಳ ಗುತ್ತಿಗೆ ಸಂಸ್ಥೆಯೊಂದರ ಮೂಲಕ ಬರುವುದಾದರೆ, ನೀವು ಕುಳಿತು ಕೆಲಸ ಮಾಡುವ ಕಚೇರಿಯ ಹೆಸರು ಒಂದು, ಚೀಟಿಯಲ್ಲಿರುವ ಹೆಸರು ಇನ್ನೊಂದು ಆಗಿ, ಪರಿಶೀಲನೆಗೆ ಬಂದವರಿಗೆ ಅಲ್ಲಿಯವರು ‘ಅಂಥವರು ನಮ್ಮ ನೌಕರರಲ್ಲ’ ಎಂದು ಉತ್ತರಿಸಿ ಕಳಿಸುವುದುಂಟು; ಈ ಸಂಗತಿಯನ್ನು ಅರ್ಜಿಯ ಜೊತೆಗೇ ಬರೆದು ಕೊಡುವುದು ಒಳ್ಳೆಯದು. ಪರಿಶೀಲನೆಗೆ ಎಚ್‌ಆರ್ ವಿಭಾಗದವರ ಕಚೇರಿ ಇಮೇಲ್ ವಿಳಾಸವನ್ನೇ ಕೊಡಿ, ಬ್ಯಾಂಕಿನಿಂದ ಪತ್ರ ಬರಬಹುದೆಂದು ಅವರಿಗೂ ತಿಳಿಸಿ.

ಹಳೆಯ ಸಂಬಳದ ಮೇಲೆಯೇ ಸಾಲ ಮಂಜೂರು ಮಾಡಿಸಿಕೊಂಡು, ರಾಜೀನಾಮೆಯ ವಿಷಯ ಆಮೇಲೆ ಹೇಳಿದರಾಯಿತು ಎಂದು ಸಲಹೆ ಕೊಡುವ ಏಜೆಂಟರೂ ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಂಜೂರಾತಿ ಪತ್ರ ಕೈಗೆ ಬಂದರೂ ಹಣ ಬಿಡುಗಡೆಗೆ ಮುನ್ನ ಬ್ಯಾಂಕು ಉದ್ಯೋಗವನ್ನು ಮತ್ತೊಮ್ಮೆ ವಿಚಾರಿಸಬಹುದು, ಮುಚ್ಚಿಟ್ಟದ್ದು ತಿಳಿದರೆ ಮಂಜೂರಾತಿಯನ್ನೇ ಹಿಂತೆಗೆದುಕೊಳ್ಳಬಹುದು. ಪ್ರೊಬೇಷನ್ ಅವಧಿಯಲ್ಲಿರುವವರಿಗೆ ಸಾಲ ಕೊಡಲು ಕೆಲವು ಬ್ಯಾಂಕುಗಳು ಹಿಂಜರಿಯುತ್ತವೆ, ಕೆಲವು ಒಟ್ಟು ಅನುಭವವನ್ನು ನೋಡಿ ಒಪ್ಪುತ್ತವೆ. ಅರ್ಜಿ ಸಲ್ಲಿಸುವ ಮೊದಲೇ ಇದನ್ನು ಕೇಳಿಕೊಳ್ಳಿ. ನಿಮ್ಮ ಪತ್ನಿ ಅಥವಾ ಪತಿ ಉದ್ಯೋಗದಲ್ಲಿದ್ದು, ಆ ಕೆಲಸ ಬದಲಾಗದಿದ್ದರೆ, ಅವರನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿಕೊಳ್ಳುವುದು ಇಂಥ ಸಂದರ್ಭದಲ್ಲಿ ದೊಡ್ಡ ಬಲ.

ಇನ್ನು ಹಣದ ಲೆಕ್ಕ. ರಿಸರ್ವ್ ಬ್ಯಾಂಕಿನ ಮಿತಿಯ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ. ಅಂದರೆ 60 ಲಕ್ಷದ ಫ್ಲ್ಯಾಟಿಗೆ ಹೆಚ್ಚೆಂದರೆ 48 ಲಕ್ಷ ಸಿಗುತ್ತದೆ. ಉಳಿದ 12 ಲಕ್ಷದ ಜೊತೆಗೆ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನೂ ನೀವೇ ಹೊಂದಿಸಬೇಕು. ಹಳೆಯ ಕಂಪನಿಯಿಂದ ಬರಬೇಕಾದ ಅಂತಿಮ ಲೆಕ್ಕದ ಹಣವನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಅನ್ವಯವಾಗುವ ಯೋಜನೆಯಾಗಿದ್ದರೆ, ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂದಿರುಗಿಸಬೇಕೆಂಬ ಸಾಲನ್ನು ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಚೆಕ್ ಕೊಡಿ. ಅರ್ಜಿಯನ್ನು ಪುಣೆಯ ಶಾಖೆಗಿಂತ ಮೈಸೂರಿನ ಶಾಖೆಯಲ್ಲಿಯೇ ಸಲ್ಲಿಸಿ, ಆಸ್ತಿಯ ಕಾನೂನು ಪರಿಶೀಲನೆಯೂ ಮೌಲ್ಯಮಾಪನವೂ ನಡೆಯುವುದು ಅಲ್ಲಿಯೇ.