ಬರವಣಿಗೆ ಪ್ರಶ್ನೋತ್ತರ: ಆಗಸ್ಟ್‌ನ ಘಟಪ್ರಭೆಯಲ್ಲಿ ಹಾಲೆಲ್ಲಿ?

ಪ್ರಶ್ನೆ: ಆಗಸ್ಟ್‌ನಲ್ಲಿ ಗೋಕಾಕ ಫಾಲ್ಸ್ ನೋಡಿ ಬಂದು 'ಹಾಲ್ನೊರೆಯಂತೆ ಧುಮ್ಮಿಕ್ಕುವ ರಮಣೀಯ ಜಲಧಾರೆ ಕಣ್ಮನ ಸೆಳೆಯಿತು' ಎಂದು ಬರೆದೆ. ಓದಿದವರು ಸಪ್ಪೆ ಅಂತಾರೆ. ಎಲ್ಲಿ ತಪ್ಪಿದೆ?
– ಓದುಗರು, ಬೆಳಗಾವಿ

ಉತ್ತರ: ಮೊದಲ ತಪ್ಪು ಬಣ್ಣದ್ದು. ಮಳೆಗಾಲದ ಘಟಪ್ರಭೆ ಮಣ್ಣು ಹೊತ್ತು ಬರುತ್ತಾಳೆ. ಅಲ್ಲಿ ಆಗ ಬೀಳುವುದು ಕೆನ್ನೀರು. ಹಾಲು ಬಂದದ್ದು ಶಾಲೆಯ ಪ್ರಬಂಧಗಳಿಂದ. 'ರಮಣೀಯ', 'ಕಣ್ಮನ ಸೆಳೆಯಿತು' ಎರಡೂ ನಿಮ್ಮ ತೀರ್ಪು, ಓದುಗನ ಕಣ್ಣಿಗೆ ಏನೂ ಸಿಗುವುದಿಲ್ಲ. ಹೊಡೆದುಹಾಕಿ. ಸುಮಾರು 52 ಮೀಟರ್ ಎಂದು ಬರೆದರೂ ಎತ್ತರ ಕಾಣದು. ಬಂಡೆಯಂಚಿನಲ್ಲಿ ಒಂದು ನೀರಿನ ಮುದ್ದೆ ಆರಿಸಿಕೊಂಡು ಕಣ್ಣು ಕೀಳದೆ ತಳದವರೆಗೆ ಹಿಂಬಾಲಿಸಿ: ಮೂರು ಸೆಕೆಂಡಿಗೂ ಮೀರಿ ಹಿಡಿಯುತ್ತದೆ. ಅಷ್ಟರಲ್ಲಿ ಮುದ್ದೆ ಒಡೆದು ಎಳೆಯಾಗಿ, ಎಳೆ ಹನಿಯಾಗಿ ಚೆದುರುತ್ತದೆ. ಅದನ್ನೇ ಅದೇ ಕ್ರಮದಲ್ಲಿ ಬರೆಯಿರಿ. ಪಕ್ಕದವರ ಕಿವಿಗೆ ಬಾಯಿ ಹಚ್ಚಿ ಮಾತಾಡಿದಿರೆಂದು ಬರೆದರೆ 'ಭೋರ್ಗರೆತ'ವೂ ಬೇಕಿಲ್ಲ.

ಪ್ರಶ್ನೆ: ನಮ್ಮ ಕಡೆ ಗುಡ್ಡ ಇಲ್ಲ, ಅಡವಿ ಇಲ್ಲ. ಬರೀ ಎರಿ (ಕಪ್ಪು ಮಣ್ಣಿನ) ಹೊಲ. ಏನಂತ ವರ್ಣಿಸೋದ್ರಿ?
– ಓದುಗರು, ಸಿಂದಗಿ

ಉತ್ತರ: ಮಲೆನಾಡಿನ ಬರಹ ಓದಿ ಹುಟ್ಟಿದ ಅಳುಕು ಇದು! ಬರೀ 'ಹೊಲ' ಎನ್ನಬೇಡಿ. ಬಿಳಿಜೋಳವೋ, ಕಡಲೆಯೋ, ಕುಸುಬಿಯೋ ಹೇಳಿ, ತಿಂಗಳನ್ನೂ ಗೊತ್ತುಮಾಡಿ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವ ಹೊತ್ತಿಗೆ ಹಿಂಗಾರಿ ಜೋಳದೊಳಗೆ ಹೊಕ್ಕವರು ಕಾಣುವುದಿಲ್ಲ, ಎಲೆ ತಿಕ್ಕುವ ಸರಸರ ಮಾತ್ರ ಕೇಳುತ್ತದೆ. ಕಡಲೆ ಎಲೆಯ ಸಣ್ಣ ರೋಮಗಳು ಹುಳಿ ಸೂಸುತ್ತವೆ. ಇಬ್ಬನಿಯಲ್ಲಿ ಗಿಡ ಸವರಿ ಬೆರಳು ನೆಕ್ಕಿ ನೋಡಿ. ನಾಲಿಗೆಗೂ ಸಿಗುವ ನಿಸರ್ಗ ಎಷ್ಟು ಕಡೆ ಇದೆ? ಇನ್ನು ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೀಗಾಗಿ ಬೇಸಿಗೆ ಕೊನೆಯ ಮೊದಲ ದೊಡ್ಡ ಮಳೆ ಹರಿಯುವ ಮೊದಲು ಬಿರುಕಿಗೆ ಇಳಿಯುತ್ತದೆ. ನಾಲ್ಕು ಮಳೆಯಾದ ಮೇಲೆ ಅದೇ ನೆಲ ಚಪ್ಪಲಿ ಬಿಡುವುದಿಲ್ಲ.

ರೂಢಿ ಹೀಗೆ ಮಾಡಿ. ಒಂದೇ ಬದುವಿನ ಮೇಲೆ ಕಾಲು ತಾಸು ಕೂಡಿ. ಮೊದಲ ಐದು ನಿಮಿಷ ಕಣ್ಣು ಮುಚ್ಚಿ ಸಪ್ಪಳ, ವಾಸನೆ, ಗಾಳಿಯ ದಿಕ್ಕು ಹಿಡಿಯಿರಿ. ಆಮೇಲೆ 'ಸುಂದರ', 'ಹಸಿರು' ಥರದ ಗುಣವಾಚಕ ಒಂದೂ ಇಲ್ಲದೆ ಹತ್ತು ಸಾಲು ಬರೆದು, ಮೂರು ಉಳಿಸಿ. ಹತ್ತೂ ತುಂಬಿದರೆ ಸಂತೆಚೀಟಿ ಆಗುತ್ತದೆ. ದೂರದ ಬೇವಿನಮರದಿಂದ ಕಾಲಬುಡದ ಇರುವೆಗೆ, ಅಲ್ಲಿಂದ ಮೋಡಕ್ಕೆ ಹಾರಿದರೂ ಕೆಡುತ್ತದೆ: ತಾನು ನಿಂತದ್ದೆಲ್ಲಿ ಎಂದು ಓದುಗನಿಗೆ ತಿಳಿಯುವುದಿಲ್ಲ.

ಪ್ರಶ್ನೆ: ಬಾದಾಮಿಯ ಸೂರ್ಯಾಸ್ತ ಬರೆಯಹೋದರೆ ಬರೀ 'ಕೆಂಪು ಚೆಂಡು' ಬರುತ್ತದೆ. ಉಪಾಯ ಏನು?
– ಓದುಗರು, ಗುಳೇದಗುಡ್ಡ

ಉತ್ತರ: ಸೂರ್ಯನಿಗೆ ಬೆನ್ನು ಮಾಡಿ. ಅಗಸ್ತ್ಯತೀರ್ಥ ಕೆರೆಯಾಚೆ, ಭೂತನಾಥ ಗುಡಿಯ ಹಿಂದಿನ ಮರಳುಗಲ್ಲಿನ ಬಂಡೆ ನೋಡಿ. ಬಿಸಿಲು ಮೇಲಕ್ಕೆ ಸರಿಯುತ್ತದೆ, ನೆರಳು ಬುಡದಿಂದ ಏರುತ್ತದೆ. ಐದೈದು ನಿಮಿಷಕ್ಕೊಮ್ಮೆ ನೆರಳು ಯಾವ ಬಿರುಕಿಗೆ ಮುಟ್ಟಿತೆಂದು ಗುರುತು ಹಾಕಿಕೊಂಡರೆ ಪ್ಯಾರಾದ ಕ್ರಿಯಾಪದಗಳು ತಾವೇ ಸಿಗುತ್ತವೆ. ಕಥೆಯಲ್ಲಾದರೆ ಒಂದೆಡೆ ಐದಾರು ಸಾಲು ಸಾಕು.