ಇಟಲಿಯ ಸೂಪರ್‌ಸ್ಟುಡಿಯೋ ಅನ್ನೋ ಏನೂ ಕಟ್ಟದ ವಾಸ್ತುಶಿಲ್ಪಿಗಳ ಗುಂಪಿನ ಮೇಲೆ ಆರ್ಕಿಟೆಕ್ಚರ್ ಥೀಸಿಸ್ ಮಾಡಿದರೆ ಉಪಯೋಗ ಇದೆಯಾ?

ಕೊನೆಯ ವರ್ಷ ನನ್ನ ಹಾಸ್ಟೆಲ್ ಗೋಡೆ ಮೇಲೂ ಅವರದೇ ಚಿತ್ರ ಇತ್ತು. 1969ರ 'ನಿರಂತರ ಸ್ಮಾರಕ'. ಚೌಕಳಿ ಗೆರೆಗಳ ಒಂದೇ ಕಟ್ಟಡ ಬೆಟ್ಟ, ಮರಳುಗಾಡು, ಮ್ಯಾನ್‌ಹಟನ್ ಎಲ್ಲವನ್ನೂ ದಾಟಿಕೊಂಡು ಹೋಗುತ್ತದೆ. ಅದಕ್ಕೆ ಮನಸೋತು ನನ್ನ ಥೀಸಿಸ್‌ಗೆ ಐದು ಕಿಲೋಮೀಟರ್ ಉದ್ದದ ಟೌನ್‌ಶಿಪ್ ಬರೆದೆ. ಥೀಸಿಸ್ ನೋಡಿ ಅಂಕ ಕೊಡುವ ಜ್ಯೂರಿಯಲ್ಲಿದ್ದ ಮೇಡಂ ಕೇಳಿದ್ದು ಒಂದೇ ಮಾತು: "ಅವರು ಇದನ್ನ ಬೇಕು ಅಂತ ಬರೆದರಾ, ಬೇಡ ಅಂತ ಬರೆದರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ತಿಂಗಳು ಹೋಯಿತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ನಾನು ಚಿತ್ರ ನೋಡಿದೆ, ಜೊತೆಗಿದ್ದ ಬರಹ ಓದಲಿಲ್ಲ. ಆ ಸ್ಮಾರಕ ಕಟ್ಟೋದಕ್ಕೆ ಬರೆದ ನಕ್ಷೆ ಅಲ್ಲ. ಭೂಮಿಯನ್ನೆಲ್ಲ ಒಂದೇ ಥರ ಮಾಡುತ್ತಾ ಹೋದರೆ ಕೊನೆಗೆ ಹೇಗಿರುತ್ತೆ ಅಂತ ಎಳೆದು ತೋರಿಸಿದ್ದು. 1971ರ 'ಹನ್ನೆರಡು ಆದರ್ಶ ನಗರಗಳು' ಓದಿದ್ದರೂ ಸಾಕಿತ್ತು. ಮೊದಲ ನಗರದಲ್ಲಿ ಪ್ರತಿಯೊಬ್ಬರಿಗೂ ಒಂದು ಗೂಡು, ಬೇಕಾದ್ದೆಲ್ಲ ಕೂತಲ್ಲೇ. ಮತ್ತೆ ಮತ್ತೆ ಎದುರು ಯೋಚಿಸಿದವನ ಮೇಲೆ ಚಾವಣಿ 2,000 ಟನ್ ಬಲದಲ್ಲಿ ಇಳಿಯುತ್ತದೆ. ಇದನ್ನು ಓದಿದವರು ಟೌನ್‌ಶಿಪ್ ಬರೀತಾರಾ?

ಅವರ ಊರು ಫ್ಲಾರೆನ್ಸ್. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಊರು ಮುಳುಗಿತು. ಮುಂದಿನ ತಿಂಗಳೇ ಸೂಪರ್‌ಸ್ಟುಡಿಯೋ ಶುರು ಮಾಡಿದ ಅಡೋಲ್ಫೊ ನಟಲೀನಿ, ಕ್ರಿಸ್ಟಿಯಾನೊ ತೊರಾಲ್ದೊ ದಿ ಫ್ರಾಂಚಾ ಪಕ್ಕದ ಪಿಸ್ಟೋಯಾದಲ್ಲಿ ಆರ್ಕಿಝೂಮ್ ಅನ್ನೋ ಇನ್ನೊಂದು ವಾಸ್ತುಶಿಲ್ಪಿ ಗುಂಪಿನ ಜೊತೆ ಮೊದಲ ಪ್ರದರ್ಶನ ಮಾಡಿದರು. 1972ರಲ್ಲಿ ಫ್ಲಾರೆನ್ಸನ್ನು 'ಉಳಿಸೋದಕ್ಕೆ' ಅಂತ ಊರನ್ನೇ ನೀರಲ್ಲಿ ಮುಳುಗಿಸಿ, ಕೆಥೆಡ್ರಲ್‌ನ ಗುಮ್ಮಟ ಮಾತ್ರ ಮೇಲೆ ಕಾಣುವ ಹಾಗೆ ಚಿತ್ರ ಮಾಡಿದರು. ಆ ಪ್ರವಾಹ ನೋಡಿದವರು ಹಾಗೆ ಬರೆದಿದ್ದಾರೆ ಅಂದರೆ ಅದು ಸುಮ್ನೆ ಅಲ್ಲ.

'ಏನೂ ಕಟ್ಟಲಿಲ್ಲ' ಅನ್ನೋದನ್ನೂ ನಾನು ಒಪ್ಪಲ್ಲ. ಮೂರು ಸೆಂಟಿಮೀಟರ್ ಚೌಕಳಿಯ ಅವರ ಕ್ವಡೆರ್ನಾ ಮೇಜನ್ನು ತಯಾರಿಸಿದ್ದು ಝನೋಟ್ಟಾ ಕಂಪನಿ. ನಟಲೀನಿ ಆಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ಕಟ್ಟಡಗಳನ್ನೇ ಕಟ್ಟಿದರು. ನನಗಂತೂ ಎಲ್ಲಕ್ಕಿಂತ ದೊಡ್ಡದು ಅನಿಸೋದು 70ರ ದಶಕದ ಅವರ ಪಾಠದ ಕೆಲಸ. ಫ್ಲಾರೆನ್ಸ್ ವಿಶ್ವವಿದ್ಯಾಲಯದ ಹುಡುಗರ ಜೊತೆ ಟಸ್ಕನಿಯ ರೈತರ ಉಪಕರಣಗಳನ್ನು ಕೂತು ಅಧ್ಯಯನ ಮಾಡಿದರು. ಝೆನೊ ಅನ್ನೋ ಒಬ್ಬ ರೈತನ ಬದುಕನ್ನೇ 1978ರ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನಕ್ಕೆ ತಂದರು.

ಬಿಳಿ ಚೌಕಳಿ ಬಿಡಿ, ಝೆನೊ ಹಿಡಿಯಿರಿ. ಎರಡನೇ ಸಲ ನಾನು ನಮ್ಮಜ್ಜನ ಕೂರಿಗೆ, ಕುಂಟೆಗಳ ಅಳತೆ ತೆಗೆದು ಬರೆದೆ. ಪ್ರತಿಯೊಂದನ್ನೂ ಯಾರು ಮಾಡಿದರು, ಎಲ್ಲಿ ಮುರಿದಿತ್ತು, ಹೇಗೆ ರಿಪೇರಿ ಆಯಿತು ಅಂತ ಅಜ್ಜ ಹೇಳಿದ್ದನ್ನು ಪಕ್ಕದಲ್ಲೇ ಬರೆದಿಟ್ಟೆ. ಅದೇ ಮೇಡಂ ಈ ಸಲ ಬರಹವನ್ನೇ ಮೊದಲು ಓದಿದರು.