ಹೆಣ್ಣುಮಕ್ಕಳ ಓದಿಗಾಗಿ ತಾಲಿಬಾನ್ ಎದುರು ನಿಂತ ಪಾಕಿಸ್ತಾನದ ಮಲಾಲಾ ಯೂಸುಫ್‌ಝೈ ಮನೆಯಲ್ಲಿ ಎಂಥ ಹುಡುಗಿ? ಆ ಧೈರ್ಯ ಎಲ್ಲಿಂದ ಬಂತು?

ಮನೆಯಲ್ಲಿ ಅವಳು ಎಲ್ಲ ಅಕ್ಕಂದಿರ ಹಾಗೇ. ಖುಶಾಲ್, ಅಟಲ್ ಎಂಬ ಇಬ್ಬರು ತಮ್ಮಂದಿರ ಜೊತೆ ಸದಾ ಜಗಳ. 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತೆಗೆದುಕೊಳ್ಳುವಾಗಲೂ, ತಮ್ಮಂದಿರ ಜೊತೆ ಇನ್ನೂ ಕಿತ್ತಾಡುತ್ತೇನೆ ಎಂದು ಅದೇ ವೇದಿಕೆಯಲ್ಲಿ ಹೇಳಿದಳು. ಆಗ ಅವಳಿಗೆ 17 ವರ್ಷ. ಪ್ರಶಸ್ತಿಯ ಸುದ್ದಿ ಬಂದದ್ದು ಕೆಮಿಸ್ಟ್ರಿ ಕ್ಲಾಸಿನಲ್ಲಿದ್ದಾಗ. ಉಳಿದ ಪಾಠ ಮುಗಿಸಿಯೇ ಹೊರಗೆ ಬಂದಳು.

ಧೈರ್ಯಕ್ಕೆ ಅಪ್ಪನ ಪಾಲು ಜಾಸ್ತಿ ಎಂದು ನನಗೆ ಅನಿಸುತ್ತದೆ. ಪಾಕಿಸ್ತಾನದ ಸ್ವಾತ್ ಕಣಿವೆಯ ಮಿಂಗೋರಾದಲ್ಲಿ ಅಪ್ಪ ಜಿಯಾವುದ್ದೀನ್ ಶಾಲೆ ನಡೆಸುತ್ತಿದ್ದರು. ಗಂಡಸರ ಹೆಸರಷ್ಟೇ ಇದ್ದ ವಂಶವೃಕ್ಷದಲ್ಲಿ ಮಗಳ ಹೆಸರನ್ನೂ ಬರೆದರು. ಹಾಗೆ ಮಾಡುವ ಅಪ್ಪಂದಿರು ಎಷ್ಟು ಜನ ಸಿಗುತ್ತಾರೆ, ಹೇಳಿ? ಅಮ್ಮ ತೂರ್ ಪೆಕಾಯ್‌ಗೆ ಓದು ಬರುತ್ತಿರಲಿಲ್ಲ. ಅದು ಮಗಳಿಗೆ ದಿನಾ ಕಾಣುತ್ತಿತ್ತು ಅಲ್ವಾ?

2009ರ ಜನವರಿಯಲ್ಲಿ ತಾಲಿಬಾನ್ ಹೆಣ್ಣುಮಕ್ಕಳ ಶಾಲೆ ನಿಲ್ಲಿಸಿತು. 11 ವರ್ಷದ ಮಲಾಲಾ ಸುಮ್ನೆ ಕೂರಲಿಲ್ಲ. ಗುಲ್ ಮಕಾಯ್ ಎಂಬ ಹೆಸರಿನಲ್ಲಿ ಬಿಬಿಸಿ ಉರ್ದುಗೆ ದಿನಚರಿ ಬರೆದಳು. ಆಮೇಲೆ ತನ್ನದೇ ಹೆಸರಿನಲ್ಲಿ, ಎದುರಿಗೇ ನಿಂತು ಮಾತಾಡತೊಡಗಿದಳು. ಬೆದರಿಕೆ ಬಂದವು. ಹೆದರಿಕೆ ಇತ್ತು, ಆದರೂ ಶಾಲೆಗೆ ಹೋಗುತ್ತಲೇ ಇದ್ದಳು. ನನಗೆ ಅತಿ ದೊಡ್ಡದು ಎನಿಸುವುದು ಇದೇ.

2012ರ ಅಕ್ಟೋಬರ್ 9ರಂದು ಪರೀಕ್ಷೆ ಬರೆದು ಮನೆಗೆ ಹೋಗುವಾಗ ತಾಲಿಬಾನ್‌ನವರು ಶಾಲೆಯ ವಾಹನದಲ್ಲೇ ಅವಳ ತಲೆಗೆ ಗುಂಡು ಹಾರಿಸಿದರು. ಇನ್ನಿಬ್ಬರು ಹುಡುಗಿಯರಿಗೂ ಗಾಯವಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಿಕಿತ್ಸೆ ಪಡೆದು, ಅಲ್ಲೇ ಶಾಲೆ ಸೇರಿದಳು. 2020ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡಿಗ್ರಿ ಮುಗಿಸಿದಳು. ಅಮ್ಮನೂ ಇಂಗ್ಲೆಂಡಿನಲ್ಲಿ ಓದು ಬರಹ ಕಲಿಯಲು ಕ್ಲಾಸಿಗೆ ಸೇರಿದರು.